ಕಾಗದದ ಮಗಳಿಗೆ ಬಡ್ಡಿಯ ಸಾಲ

ನಮ್ಮವರು ಅಮೆರಿಕಕ್ಕೆ ಬರುವಾಗ ಏನೇನು ತರುತ್ತಾರೆ? ಕುಕ್ಕರ್ ತರುತ್ತಾರೆ. ಸಾರಿನ ಪುಡಿ ತರುತ್ತಾರೆ. ದೇವರ ಬೆಳ್ಳಿ ಮಂಟಪವನ್ನು ಹಳೇ ಸೀರೆಯಲ್ಲಿ ಸುತ್ತಿ ತರುತ್ತಾರೆ. ಬದರೀನಾಥ ಮತ್ತು ತ್ರಿಪುರಸುಂದರಿ ಇವೆಲ್ಲದರ ಜೊತೆಗೆ ಒಂದು ಹುಡುಗಿಯನ್ನೂ ತಂದರು. ಹುಡುಗಿಯನ್ನು ಸೂಟ್‌ಕೇಸಿನಲ್ಲಿ ತರಲಾಗುವುದಿಲ್ಲವಲ್ಲ, ಅದಕ್ಕೆ ದತ್ತು ತೆಗೆದುಕೊಂಡು ತಂದರು.

ಹುಡುಗಿಯ ತಾಯಿ ಮಾದೇವಿ ಮೈಸೂರಿನ ಅಶೋಕಪುರಂನವಳು. ತ್ರಿಪುರಸುಂದರಿಯ ತವರುಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದಳು. ಒಂದು ಮಳೆಗಾಲ ಜ್ವರ ಬಂದು ಸತ್ತುಹೋದಳು. ಅವಳ ಮಗುವನ್ನು ಏನು ಮಾಡುವುದೆಂದು ಮಾತು ನಡೆಯುತ್ತಿದ್ದಾಗ, ಅಮೆರಿಕದಿಂದ ರಜೆಗೆ ಬಂದಿದ್ದ ತ್ರಿಪುರಸುಂದರಿ ತಾನು ಸಾಕುತ್ತೇನೆಂದಳು. ಎಂಥ ದೊಡ್ಡ ಮನಸ್ಸು ಎಂದು ನೆಂಟರೆಲ್ಲ ಹೊಗಳಿದರು. ಮಗುವಿನ ಚಿಕ್ಕತಾಯಮ್ಮ ಎಂಬ ಹೆಸರು ಪಾಸ್‌ಪೋರ್ಟಿನಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಮಹಿಮಾ ಎಂದು ಬದಲಾಯಿಸಿದರು. ವೀಸಾ ಇಂಟರ್‌ವ್ಯೂ ದಿನ ಬದರೀನಾಥನನ್ನು ಡ್ಯಾಡಿ ಎಂದು ಕರೆಯಬೇಕೆಂದು ಹೇಳಿಕೊಟ್ಟರು. ಮಗು ಹಾಗೆಯೇ ಕರೆಯಿತು. ನ್ಯೂಜೆರ್ಸಿಯಲ್ಲಿ ವಿಮಾನ ಇಳಿದು ಕಾರು ಹತ್ತಿದ ಮೇಲೆ ತ್ರಿಪುರಸುಂದರಿ ಹಿಂದೆ ತಿರುಗಿ, "ಇನ್ಮೇಲೆ ಅಂಕಲ್, ಆಂಟಿ ಅಂದ್ರೆ ಸಾಕಮ್ಮ," ಎಂದಳು. ಮಗು ಅದನ್ನೂ ಕಲಿತುಕೊಂಡಿತು.

ಈಗ ಮಹಿಮಾಗೆ ಹತ್ತೊಂಬತ್ತು. ಮಾನ್ಮತ್ ಜಂಕ್ಷನ್ ಎಂಬ ಊರಿನ ಅವರ ದೊಡ್ಡ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಡಿಶ್‌ವಾಷರ್ ಇದ್ದ ಮನೆಯಲ್ಲಿ ಪಾತ್ರೆ ತೊಳೆಯುವವಳು ಅವಳು. ಬೆಳ್ಳಿ, ಹಿತ್ತಾಳೆ, ಕಬ್ಬಿಣದ ಕಾವಲಿ ಇವನ್ನೆಲ್ಲ ಮೆಷಿನ್ನಿಗೆ ಹಾಕಬಾರದಂತೆ. ಮೇಲಿನ ಮಹಡಿಯ ಕೋಣೆಗಳಿಗೆ ವ್ಯಾಕ್ಯೂಮ್ ಹಾಕಬೇಕು. ಬಚ್ಚಲಿಗೆ ಬ್ಲೀಚ್ ಹಾಕಿ ಉಜ್ಜಬೇಕು. ಬ್ಲೀಚಿಗೆ ಅವಳ ಅಂಗೈ ಬಿರಿದು, ಚಳಿಗಾಲದಲ್ಲಿ ರಕ್ತ ಬರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಅಜ್ಜಿ. ಅಜ್ಜಿ ಎಂದರೆ ಬದರೀನಾಥನ ತಾಯಿ. ಲಕ್ವ ಹೊಡೆಯುವ ಮೊದಲು ಈ ಮುದುಕಿ ಮಡಿಯಲ್ಲಿದ್ದಾಗ ಮಹಿಮಾ ಅಡುಗೆಮನೆಯ ಹತ್ತಿರ ಸುಳಿಯುವಂತಿರಲಿಲ್ಲ. ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ, ಮುದುಕಿಯ ಕಕ್ಕಸ್ಸು ತೊಳೆಯಲು, ಮಗ್ಗುಲು ಹೊರಳಿಸಲು, ಎತ್ತಿ ಕುರ್ಚಿಗೆ ಕೂರಿಸಿ ಸ್ನಾನ ಮಾಡಿಸಲು ಮಹಿಮಾಳೇ ಬೇಕಾಯಿತು. ಮಡಿ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಎತ್ತಿ ಎತ್ತಿ ಮಹಿಮಾಳ ಸೊಂಟ ಹಿಡಿದುಕೊಳ್ಳುತ್ತಿತ್ತು. ಹತ್ತೊಂಬತ್ತರ ಹುಡುಗಿ ಗೋಡೆಗೆ ಒರಗಿ ನಿಂತು, ನೋವು ಇಳಿಯಲೆಂದು ಕಾಯುತ್ತಿದ್ದಳು.

ಆದರೂ ಅವಳು ಹೈಸ್ಕೂಲು ಮುಗಿಸಿದಳು. ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದಳು. ರಾಜ್ಯದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. "ನರ್ಸಿಂಗ್ ತಗೋಬಾರ್ದಾ, ಕೈ ಪಳಗಿದೆಯಲ್ಲ," ಎಂದು ತ್ರಿಪುರಸುಂದರಿ ನಕ್ಕಳು. ಮಹಿಮಾಗೆ ಗಣಿತವೇ ಬೇಕಿತ್ತು. ಅದರಲ್ಲಿ ಯಾರನ್ನೂ ಎತ್ತಿ ಮಲಗಿಸಬೇಕಾಗಿಲ್ಲ.

ಸೀಟು ಸಿಕ್ಕರೆ ಆಯಿತೇ, ಫೀಸು? ಅಜ್ಜಿ ಮಧ್ಯಾಹ್ನ ನಿದ್ದೆ ಹೋದ ಹೊತ್ತು ನೋಡಿಕೊಂಡು ಅವಳು ಬಸ್ಸು ಹತ್ತಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿಗೆ ಹೋದಳು. ಅಲ್ಲಿ ಕೌಂಟರಿನ ಹಿಂದೆ ಮಿಸ್ ಒರ್ಟಿಜ್ ಎಂಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ತಾಳ್ಮೆಯವಳು. ಇಂಗ್ಲಿಷಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು.

"ಸರ್ಕಾರ ಕೊಡುವ ಸಾಲದಲ್ಲಿ ಎರಡು ಬಗೆ. ಒಂದು ಸಬ್ಸಿಡೈಸ್ಡ್. ನೀನು ಓದುವಷ್ಟು ಕಾಲ ಅದರ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಅದು ಅನುಕೂಲವಿಲ್ಲದ ಮನೆಯ ಮಕ್ಕಳಿಗೆ ಮಾತ್ರ. ಇನ್ನೊಂದು ಅನ್‌ಸಬ್ಸಿಡೈಸ್ಡ್. ಹಣ ಬಂದ ದಿನದಿಂದಲೇ ಬಡ್ಡಿ ನಿನ್ನ ತಲೆಯ ಮೇಲೆ. ಓದುವಾಗ ಕಟ್ಟಲಾಗದಿದ್ದರೆ ಆ ಬಡ್ಡಿ ಕೊನೆಗೆ ಅಸಲಿಗೆ ಸೇರುತ್ತದೆ. ಆಮೇಲೆ ಅದಕ್ಕೂ ಬಡ್ಡಿ ಬೀಳುತ್ತದೆ."

"ನನಗೆ ಮೊದಲನೆಯದು ಬೇಕು. ನಾನು ಬಡವಳು."

ಮಿಸ್ ಒರ್ಟಿಜ್ ಅವಳು ಕೊಟ್ಟ ವಿವರಗಳನ್ನು ನೋಡಿದಳು. "ನಿನ್ನ ತಂದೆ ಔಷಧಿ ಕಂಪನಿಯಲ್ಲಿ ಡೈರೆಕ್ಟರ್ ಅಲ್ಲವೇ?"

"ಅವರು ನನ್ನ ತಂದೆಯಲ್ಲ. ದತ್ತು ತೆಗೆದುಕೊಂಡವರು."

"ದತ್ತು ತೆಗೆದುಕೊಂಡರೆ ತಂದೆಯೇ. ಕಾನೂನಿನ ಪ್ರಕಾರ ಅವರೇ ನಿನ್ನ ಅಪ್ಪ. ಅವರ ಆದಾಯವೇ ನಿನ್ನ ಲೆಕ್ಕಕ್ಕೆ ಬರುತ್ತದೆ. ಅಷ್ಟು ಆದಾಯವಿದ್ದರೆ ಬಡ್ಡಿ ಮಾಫಿಯ ಸಾಲ ಸಿಗುವುದಿಲ್ಲ. ಅಲ್ಲದೆ, ಅರ್ಜಿ ಮುಂದೆ ಹೋಗಬೇಕಾದರೆ ಮೊದಲು ಅವರ ಒಪ್ಪಿಗೆ ಬೇಕು."

ಆ ದಿನದ ಬಸ್ ಚಾರ್ಜನ್ನು ಮಹಿಮಾ ಅಜ್ಜಿಯ ಔಷಧಿ ತಂದ ಚಿಲ್ಲರೆಯಲ್ಲಿ ಎತ್ತಿಟ್ಟುಕೊಂಡಿದ್ದಳು. ಅವಳೀಗ ಶ್ರೀಮಂತರ ಮಗಳಂತೆ. ನಗು ಬರಬೇಕಿತ್ತು, ಬರಲಿಲ್ಲ.

ಮರುದಿನ ಬೆಳಿಗ್ಗೆ ಬದರೀನಾಥ ತಿಂಡಿಗೆ ಕೂತಾಗ ಕೇಳಿದಳು. ದೋಸೆ ಬಡಿಸುತ್ತಲೇ ಕೇಳಿದಳು. ಆ ಮನೆಯಲ್ಲಿ ಅವಳು ಕೂತು ಮಾತಾಡಿದ್ದೇ ಇಲ್ಲ.

"ನೋಡಮ್ಮಾ," ಎಂದ ಬದರೀನಾಥ. ಅವನು ಕೂಗಾಡುವವನಲ್ಲ, ಸಭ್ಯ. "ನಮ್ಮ ಟ್ಯಾಕ್ಸ್ ಡೀಟೇಲ್ಸ್ ಎಲ್ಲಾ ಪ್ರೈವೇಟ್ ವಿಷ್ಯ. ಅದನ್ನೆಲ್ಲ ನಾನು ಶೇರ್ ಮಾಡಲ್ಲ. ನಿಂಗೆ ಸಾಲ ಯಾಕೆ ಬೇಕು ಹೇಳು? ಆನ್‌ಲೈನ್‌ನಲ್ಲಿ ಒಂದೊಂದೇ ಕೋರ್ಸ್ ಮಾಡ್ಕೋ, ಮನೇಲೇ ಇದ್ಕೊಂಡು. ನಾನೇ ಪೇ ಮಾಡ್ತೀನಿ. ಏನು, ನಿಂಗೆ ಬೇಡ ಅಂತೀನಾ?"

"ಕ್ಲಾಸಿಗೆ ಹೋಗಿ ಓದ್ಬೇಕು ಅಂತ ಆಸೆ ಅಂಕಲ್."

"ಅಮ್ಮನ್ನ ಯಾರು ನೋಡ್ಕೋತಾರೆ? ಪ್ರ್ಯಾಕ್ಟಿಕಲ್ ಆಗಿ ಯೋಚ್ನೆ ಮಾಡು. ಇಲ್ಲಿ ಹೋಮ್ ನರ್ಸ್ ಇಡೋಕೆ ಎಷ್ಟಾಗತ್ತೆ ಗೊತ್ತಾ ನಿಂಗೆ?"

"ಗೊತ್ತಿಲ್ಲ ಅಂಕಲ್. ಎಷ್ಟಾಗತ್ತೆ?"

ಅವಳು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು. ಬದರೀನಾಥ ತಟ್ಟೆ ಮುಂದೆ ಸರಿಸಿದ. "ಇನ್ನೊಂದು ದೋಸೆ ಹಾಕು," ಎಂದ.

ಅವಳು ಮತ್ತೆ ಮಿಸ್ ಒರ್ಟಿಜ್ ಬಳಿ ಹೋದಳು. ಈ ಸಲ ಆ ಹೆಂಗಸು ಮಹಿಮಾಳ ಅಂಗೈಗಳನ್ನು ಗಮನಿಸಿದಳು. ಒಳಗಿನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದಳು. ಹಾಗೆ ಯಾರೂ ಕೇಳಿರಲಿಲ್ಲ. ಮಹಿಮಾ ಹೇಳಿದಳು. ಹೇಳುವಾಗ ತನ್ನದೇ ಕಥೆ ಬೇರೆ ಯಾರದೋ ಎಂಬಂತೆ ಕೇಳಿಸಿ ಅವಳಿಗೆ ನಾಚಿಕೆಯಾಯಿತು.

"ಒಂದು ದಾರಿಯಿದೆ," ಎಂದಳು ಮಿಸ್ ಒರ್ಟಿಜ್. "ಮನೆಯಲ್ಲಿ ನಿನ್ನನ್ನು ಮಗಳಾಗಿ ನೋಡಿಕೊಳ್ಳದೆ ದುಡಿಸಿಕೊಂಡಿದ್ದಾರೆ ಎಂದು ಸಾಬೀತಾದರೆ, ನಿನ್ನನ್ನು ಒಂಟಿ ಎಂದೇ ಲೆಕ್ಕ ಹಾಕಬಹುದು. ಆಗ ಅವರ ಸಂಬಳ ಅಡ್ಡ ಬರುವುದಿಲ್ಲ. ಸಬ್ಸಿಡೈಸ್ಡ್ ಸಾಲ ಸಿಗುತ್ತದೆ, ತಿರುಗಿ ಕೊಡಬೇಕಿಲ್ಲದ ಸಹಾಯಧನವೂ ಸಿಗಬಹುದು. ಆದರೆ ನಿನ್ನ ಮಾತೊಂದೇ ಸಾಲದು. ಕಣ್ಣಾರೆ ಕಂಡ ಹಿರಿಯರು ಯಾರಾದರೂ ಬರೆದುಕೊಡಬೇಕು. ನಿನ್ನನ್ನು ಬಲ್ಲವರು ಯಾರಿದ್ದಾರೆ?"

ಮಹಿಮಾಗೆ ನೆನಪಾದದ್ದು ಒಂದೇ ಹೆಸರು. ಸಂಹಿತಾ ಆಂಟಿ.

ಸಂಹಿತಾ ಭಾನುವಾರದ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಬದರೀನಾಥನ ಮಗ ಗೌರವ್‌ನನ್ನು ಕಳಿಸುವಾಗ ಮಹಿಮಾಳನ್ನೂ ಜೊತೆಗೆ ಕಳಿಸುತ್ತಿದ್ದರು. ಗೌರವ್ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ. ಕನ್ನಡದಲ್ಲಿ ಉತ್ತರ ಕೊಡುವ ಒಬ್ಬಳೇ ಹುಡುಗಿಯೆಂದು ಸಂಹಿತಾಗೆ ಮಹಿಮಾ ಮೇಲೆ ಅಕ್ಕರೆ. ಆ ಮನೆಗೂ ಆಗಾಗ ಬರುತ್ತಿದ್ದಳು. ಮಹಿಮಾ ಲಾಂಡ್ರಿ ಕೋಣೆಯ ನೆಲದ ಮೇಲೆ ಕೂತು ಉಣ್ಣುವುದನ್ನು ನೋಡಿದ್ದಳು. ಎಣ್ಣೆ ಸಿಡಿದು ಮಣಿಕಟ್ಟು ಸುಟ್ಟಾಗ ತಾನೇ ಮುಲಾಮು ಹಚ್ಚಿದ್ದಳು.

ಐಸೆಲಿನ್ ಎಂಬ ಊರಿನಲ್ಲಿ ಅಂಗಡಿಯೊಂದರ ಮುಂದಿನ ಪಾರ್ಕಿಂಗಿನಲ್ಲಿ, ಸಂಹಿತಾಳ ಕಾರಿನೊಳಗೆ ಕೂತು ಮಾತಾಡಿದರು. ಹಿಂದಿನ ಸೀಟಿನಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆ. ಸಂಹಿತಾಳ ಕಣ್ಣು ತುಂಬಿಕೊಂಡಿತು.

"ಅಯ್ಯೋ, ನಂಗೆಲ್ಲಾ ಗೊತ್ತು ಕಣೇ ಮಹಿಮಾ. ಎಷ್ಟು ಸಲ ನಮ್ಮವ್ರ ಹತ್ರ ಹೇಳ್ಕೊಂಡು ಅತ್ತಿದೀನಿ ಗೊತ್ತಾ? ಆದ್ರೆ ಬರೆದುಕೊಡೋದು ಅಂದ್ರೆ... ಇಟ್ಸ್ ಅ ಲೀಗಲ್ ಥಿಂಗ್, ಅಲ್ವಾ? ನಮ್ಮ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ. ನಮ್ಮವ್ರಿಗೆ ತಮ್ಮ ಕಂಪ್ನೀಲಿ ಕೆಲ್ಸ ಕೊಡ್ಸಿದ್ದೇ ಬದರಿ."

"ನೀವು ನೋಡಿದ್ದಷ್ಟೇ ಬರೀರಿ ಆಂಟಿ. ಜಾಸ್ತಿ ಏನೂ ಬೇಡ."

"ನೋಡಿದ್ದನ್ನೇ ಹೇಗಮ್ಮ ಬರೆಯೋದು?" ಎಂದಳು ಸಂಹಿತಾ. ಆಮೇಲೆ ಅಂಗಡಿಯ ಚೀಲದಿಂದ ಒಂದು ಸಿಹಿಯ ಡಬ್ಬಿ ತೆಗೆದು ಅವಳ ಮಡಿಲಿಗಿಟ್ಟಳು. "ತಗೋ. ಎಷ್ಟು ಇಳ್ದು ಹೋಗಿದೀಯ ನೋಡು. ಏನಾದ್ರೂ ತಿನ್ನು."

ವಾಪಸು ಬರುವಾಗ ಬಸ್ಸಿನಲ್ಲಿ ಮಹಿಮಾ ಅಳಲಿಲ್ಲ. ಅವಳಿಗೆ ಒಂದೇ ಒಂದು ಸಂಗತಿ ಹೊಳೆಯಿತು. ಯಾರೂ ನೋಡದ ಹುಡುಗಿ ತಾನು ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಹಾಗಲ್ಲ, ಎಲ್ಲರೂ ನೋಡಿದ್ದರು. ಗೊತ್ತಿದ್ದವರ ನಡುವೆ ಒಂಟಿಯಾಗಿರುವುದು ಬಹಳ ಕಷ್ಟ. ಸಿಹಿಯ ಡಬ್ಬಿಯನ್ನು ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಕ್ಕಳಿಗೆ ಕೊಟ್ಟಳು.

ಆಗಸ್ಟ್ ಬಂತು. ಕಾಲೇಜು ಶುರುವಾಗಲು ಕೆಲವೇ ವಾರ ಉಳಿದಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ತ್ರಿಪುರಸುಂದರಿ ಮನೆ ತುಂಬ ಹೆಂಗಸರನ್ನು ಕರೆದಿದ್ದಳು. ಕಲಶಕ್ಕೆ ಸೀರೆ ಉಡಿಸಿ, ಒಡವೆ ಹಾಕಿ, ಮುಖವಾಡ ಇಟ್ಟು, ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು. ಬೇಳೆ ಬೇಯಿಸಿ, ಹೂರಣ ರುಬ್ಬಿ, ಬೆಳಗಿನಿಂದ ಒಲೆಯ ಮುಂದೆ ನಿಂತು ಹೋಳಿಗೆ ತಟ್ಟಿದವಳು ಮಹಿಮಾ. ನೈವೇದ್ಯಕ್ಕೆ ಮಾತ್ರ ತ್ರಿಪುರಸುಂದರಿ ಬೇರೆ ಮಾಡಿಕೊಂಡಿದ್ದಳು.

ಹೆಂಗಸರು ಸಾಲಾಗಿ ಕೂತಿದ್ದರು. ತ್ರಿಪುರಸುಂದರಿ ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಕೊಟ್ಟು, ಕೈಗೆ ಹಳದಿ ದಾರ ಕಟ್ಟಿ, ತಾಂಬೂಲದ ಚೀಲ ಕೊಡುತ್ತ ಬಂದಳು. ಸಣ್ಣ ಹುಡುಗಿಯರಿಗೂ ಕಟ್ಟಿದಳು. ಮಹಿಮಾ ಕೋಸಂಬರಿಯ ತಟ್ಟೆ ಹಿಡಿದು ಅವಳ ಹಿಂದೆ ಹಿಂದೆ ನಡೆಯುತ್ತಿದ್ದಳು. ಪ್ರತಿ ವರ್ಷ ಹೀಗೆಯೇ ನಡೆಯುತ್ತಿತ್ತು. ಆ ವರ್ಷ ಧಾರವಾಡದ ಕಡೆಯ ಹೊಸಬಳೊಬ್ಬಳು ಬಂದಿದ್ದಳು. ಪಾಪ, ಅವಳಿಗೆ ಈ ಮನೆಯ ರೀತಿ ಗೊತ್ತಿರಲಿಲ್ಲ.

"ಇಕಿ ನಿಮ್ಮ ಮಗಳಲ್ಲೇನ್ರೀ?" ಎಂದು ಅವಳು ಕೇಳಿದಳು. "ಇಕಿಗೆ ದಾರಾನ ಕಟ್ಟಿಲ್ಲಲ್ರೀ."

ಕೂತಿದ್ದ ಹೆಂಗಸರೆಲ್ಲ ತ್ರಿಪುರಸುಂದರಿಯ ಕಡೆ ತಿರುಗಿದರು.

"ಮಗಳ ಹಾಗೇನೇ ನೋಡ್ಕೊಂಡಿದೀವಿ," ಎಂದಳು ತ್ರಿಪುರಸುಂದರಿ, ನಗುತ್ತ. "ಅವ್ಳಿಗೆ ಆಮೇಲೆ. ಈಗ ಆನ್‌ಲೈನ್ ಕಾಲೇಜಿಗೂ ಸೇರಿಸ್ತಿದೀವಿ ಇವಳನ್ನ. ಬದರೀನೇ ಫೀಸ್ ಕಟ್ತಾರೆ. ಅತ್ತೆಗಂತೂ ಇವಳಿಲ್ದೆ ಒಂದು ನಿಮಿಷ ಆಗಲ್ಲ."

"ಎಂಥಾ ಪುಣ್ಯ ಮಾಡಿದೀಯಮ್ಮ," ಎಂದು ಯಾರೋ ಮಹಿಮಾಗೆ ಹೇಳಿದರು.

ಮಹಿಮಾ ಕೋಸಂಬರಿಯ ತಟ್ಟೆಯನ್ನು ನೆಲದ ಮೇಲಿಟ್ಟಳು. ಬಲಗೈಯನ್ನು ತ್ರಿಪುರಸುಂದರಿಯ ಮುಂದೆ ಚಾಚಿದಳು.

"ಕಟ್ಟಿ ಆಂಟಿ."

"ಏನೇ ಇದು?"

"ಮಗಳಾದ್ರೆ ದಾರ ಕಟ್ಟಿ. ಕುಂಕುಮ ಕೊಡಿ. ಇವರ ಜೊತೆ ಕೂತ್ಕೊಂಡು ಊಟ ಮಾಡ್ತೀನಿ. ಕೆಲಸದವಳಾದ್ರೆ ಸಂಬಳ ಕೊಡಿ. ನಮ್ಮಮ್ಮಂಗೆ ಸಂಬಳಾನಾದ್ರೂ ಕೊಡ್ತಿದ್ರಿ. ಎರಡರಲ್ಲಿ ಒಂದು ಮಾಡಿ ಆಂಟಿ. ಈಗ್ಲೇ ಮಾಡಿ."

ತ್ರಿಪುರಸುಂದರಿಯ ಕೈಯಲ್ಲಿ ದಾರ ಇತ್ತು. ಕಟ್ಟಬಹುದಿತ್ತು. ಗಂಟು ಹಾಕಲು ಎಷ್ಟು ಹೊತ್ತು ಬೇಕು? ಅವಳು ಕಟ್ಟಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡಳು. ಸಂಹಿತಾ ತಲೆ ತಗ್ಗಿಸಿ ತಾಂಬೂಲದ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

"ಗೆಸ್ಟ್ಸ್ ಮುಂದೆ ಡ್ರಾಮಾ ಮಾಡ್ಬೇಡ. ಒಳಗೆ ಹೋಗು."

"ಒಳಗೆ ಹೋಗಲ್ಲ," ಎಂದಳು ಮಹಿಮಾ. "ಹೊರಗೆ ಹೋಗ್ತೀನಿ."

ಹೋಗುವ ಮೊದಲು ಅಜ್ಜಿಯ ಕೋಣೆಗೆ ಹೋದಳು. ಬಟ್ಟೆ ಒದ್ದೆಯಾಗಿತ್ತು, ಬದಲಾಯಿಸಿದಳು. ಮಗ್ಗುಲು ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು. ಮಾತು ಬಿದ್ದುಹೋಗಿದ್ದ ಮುದುಕಿ, ಆಡುವ ಒಂದು ಕೈಯಿಂದ ಅವಳ ಸೆರಗು ಹಿಡಿದುಕೊಂಡಳು. ಹಬ್ಬಕ್ಕೆಂದು ಉಟ್ಟ ತ್ರಿಪುರಸುಂದರಿಯ ಹಳೇ ಸೀರೆ ಅದು. ಮಹಿಮಾ ಬೆರಳು ಒಂದೊಂದಾಗಿ ಬಿಡಿಸಿದಳು. ಆಗ ಅತ್ತಳು. ಈ ಮುದುಕಿಯನ್ನು ಬಿಟ್ಟು ಹೋಗುವುದು ಅವಳಿಗೆ ಸುಲಭವಾಗಲಿಲ್ಲ. ಆದರೆ ಮಹಿಮಾಳ ಈ ಮರುಕವನ್ನೇ ಬೀಗ ಮಾಡಿಕೊಂಡು ಆ ಮನೆ ಅವಳನ್ನು ಇಷ್ಟು ವರ್ಷ ಕೂಡಿಹಾಕಿತ್ತು. ಸೀರೆ ಬಿಚ್ಚಿ ಮಡಿಸಿಟ್ಟು, ತನ್ನ ಸ್ಕೂಲಿನ ಜೀನ್ಸ್ ಹಾಕಿಕೊಂಡು ಹೊರಟಳು.

ಐಸೆಲಿನ್ನಿನಲ್ಲಿ ಒಂದು ಬೇಸ್‌ಮೆಂಟ್ ಕೋಣೆ ಸಿಕ್ಕಿತು. ಕಿಟಕಿಯಲ್ಲಿ ಜನರ ಕಾಲು ಮಾತ್ರ ಕಾಣುತ್ತಿತ್ತು. ಓಕ್ ಟ್ರೀ ರೋಡಿನ ದಿನಸಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸವೂ ಸಿಕ್ಕಿತು. ಮಾಲೀಕ ಅಬ್ದುಲ್ ರಹೀಮ್ ಮೈಸೂರಿನವರು. ವಾರದ ಕೊನೆಗೆ ಸಂಬಳದ ಕವರು ಕೈಗಿಟ್ಟು, "ಸರಿ ಇದ್ಯಾ ನೋಡ್ಕೋಮ್ಮಾ," ಎಂದರು. ಮಹಿಮಾ ಕವರು ಹಿಡಿದು ನಿಂತೇ ಇದ್ದಳು. ಭುಜ ನೋಯುತ್ತಿತ್ತು, ಸೊಂಟ ನೋಯುತ್ತಿತ್ತು. ಆದರೆ ಈ ನೋವಿಗೆ ಒಬ್ಬರು ಬೆಲೆ ಕಟ್ಟಿದ್ದರು.

ಭಾನುವಾರಗಳು ಕೆಟ್ಟವು. ಸುತ್ತಲಿನ ಊರುಗಳಿಂದ ಕನ್ನಡದವರೂ ಸಾಮಾನಿಗೆ ಬರುತ್ತಿದ್ದರು. ಬೆಲ್ಲದ ಅಚ್ಚು, ಒಣಮೆಣಸಿನಕಾಯಿಯ ಸಾಲುಗಳ ನಡುವಿನಿಂದ ಕನ್ನಡ ಕೇಳಿಬಂದರೆ ಅವಳ ಲಟ್ಟಣಿಗೆ ನಿಲ್ಲುತ್ತಿತ್ತು. ಯಾರ ಧ್ವನಿಯೆಂದು ಗೊತ್ತಾಗುತ್ತಿತ್ತು. ಅವರಿಗೂ ಇವಳು ಗೊತ್ತು. ಕಂಡರೆ ಟ್ರಾಲಿಯನ್ನು ಬೇರೆ ಸಾಲಿಗೆ ತಿರುಗಿಸಿಕೊಂಡು ಹೋಗುತ್ತಿದ್ದರು. ಸಾಕಿದವರಿಗೆ ದ್ರೋಹ ಮಾಡಿದವಳು ಎಂಬ ಸುದ್ದಿ ಅಷ್ಟರಲ್ಲಿ ಎಲ್ಲ ಮನೆಗಳ ವಾಟ್ಸಾಪಿಗೂ ತಲುಪಿತ್ತು. ಸಂಬಳದ ದಿನ ಮಾಲೀಕರ ಆ ಒಂದು ಮಾತು ಬಿಟ್ಟರೆ ಇಡೀ ವಾರ ಯಾರೊಂದಿಗೂ ಕನ್ನಡ ಮಾತಾಡದೆ ಕಳೆದಾಗ ಅವಳು ಕೋಣೆಯಲ್ಲಿ ಕೂತು ತನಗೆ ತಾನೇ ಏನಾದರೂ ಹೇಳಿಕೊಳ್ಳುತ್ತಿದ್ದಳು. "ಅನ್ನ ಆಗಿದೆ, ಏಳು," ಎಂದುಕೊಳ್ಳುತ್ತಿದ್ದಳು. ಎದ್ದು ಉಣ್ಣುತ್ತಿದ್ದಳು.

ಕಾಲೇಜಿನವರು ಬದರೀನಾಥನಿಗೆ ಪತ್ರ ಬರೆದು, ಆದಾಯದ ವಿವರ ಕೊಡುತ್ತೀರಾ ಎಂದು ಕೇಳಿದ್ದರು. ಅವನಿಂದ ಒಂದು ಸಾಲಿನ ಇಮೇಲ್ ಬಂತು. ಈ ವ್ಯಕ್ತಿಗೆ ನಾವು ಇನ್ನು ಯಾವ ಸಹಾಯವನ್ನೂ ಮಾಡುವುದಿಲ್ಲ, ಯಾವ ವಿವರವನ್ನೂ ಕೊಡುವುದಿಲ್ಲ. ಮಗಳು ಎಂದು ಬರೆದಿರಲಿಲ್ಲ. ಹೆಸರೂ ಬರೆದಿರಲಿಲ್ಲ.

"ಇದನ್ನು ಇಟ್ಟುಕೊಂಡು ನಿನಗೆ ಅನ್‌ಸಬ್ಸಿಡೈಸ್ಡ್ ಸಾಲ ಕೊಡಬಹುದು," ಎಂದಳು ಮಿಸ್ ಒರ್ಟಿಜ್. "ಅದೊಂದೇ. ಇನ್ನೊಂದಕ್ಕೆ ಸಾಕ್ಷಿ ಬೇಕಿತ್ತು. ಕ್ಷಮಿಸು. ಬಡ್ಡಿ ಮೊದಲ ದಿನದಿಂದಲೇ ಶುರುವಾಗುತ್ತದೆ."

ಏನು ನ್ಯಾಯ ನೋಡಿ. ಅಪ್ಪ ಬಡವನಾಗಿದ್ದರೆ ಬಡ್ಡಿ ಸರ್ಕಾರದ್ದು. ಅಪ್ಪ ಸತ್ತು ಅನಾಥಳಾಗಿದ್ದರೂ ಬಡ್ಡಿ ಸರ್ಕಾರದ್ದು. ಅಪ್ಪ ಕಾಗದದಲ್ಲಿ ಮಾತ್ರ ಇದ್ದು, ಆ ಅಪ್ಪ ಬಾಗಿಲು ಹಾಕಿಕೊಂಡರೆ, ಬಡ್ಡಿ ಮಗಳ ತಲೆಗೆ. ಯಾರ ಬೆನ್ನ ಹಿಂದೆ ಒಬ್ಬರೂ ಇಲ್ಲವೋ ಅವರ ಮೇಲೇ ಹೆಚ್ಚು ಭಾರ. ನಮ್ಮೂರಿನ ಜೀತದ ಲೆಕ್ಕವೂ ಹೀಗೇ ಇತ್ತಲ್ಲವೇ?

ಆದರೆ ಮಹಿಮಾ ಸಾಲದ ಕರಾರನ್ನು ಪೂರ್ತಿ ಓದಿದಳು. ಬಡ್ಡಿ ಎಷ್ಟೆಂದು ಅದರಲ್ಲಿ ಬರೆದಿತ್ತು. ಎಂದಿನಿಂದ, ಹೇಗೆ, ಯಾವಾಗ ತೀರುತ್ತದೆ ಎಂದು ಬರೆದಿತ್ತು. ಬದರೀನಾಥನ ಮನೆಯ ಉಪಕಾರಕ್ಕೆ ಇದಾವುದೂ ಇರಲಿಲ್ಲ. ಅದು ತೀರುವಂಥದ್ದೇ ಅಲ್ಲ. "ಕೊಡಿ," ಎಂದಳು. "ಇದನ್ನೇ ತೆಗೆದುಕೊಳ್ಳುತ್ತೇನೆ."

ಮಿಸ್ ಒರ್ಟಿಜ್ ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದಳು. ಕೊನೆಯ ಪುಟ. "ಇಲ್ಲಿ ಇಬ್ಬರ ಹೆಸರು ಬೇಕು. ಕೆಲವು ವರ್ಷಗಳಿಂದ ನಿನ್ನನ್ನು ಬಲ್ಲವರು. ಮುಂದೆ ನೀನು ಎಲ್ಲಿದ್ದೀಯೆಂದು ತಿಳಿಯದೆ ಹೋದರೆ ಅವರನ್ನು ಕೇಳುತ್ತಾರೆ, ಅಷ್ಟೇ. ಸಾಮಾನ್ಯವಾಗಿ ಒಂದು ಹೆಸರು ತಂದೆಯದೋ ತಾಯಿಯದೋ ಹಾಕುತ್ತಾರೆ."

ತಾನು ಕಾಣೆಯಾದರೆ ಹುಡುಕಲು ಇಬ್ಬರು. ಅಂಥ ಇಬ್ಬರು ಭೂಮಿಯ ಮೇಲೆ ಯಾರಿದ್ದಾರೆಂದು ಮಹಿಮಾ ತುಂಬ ಹೊತ್ತು ಯೋಚಿಸಿದಳು. ಆಮೇಲೆ ಸಂಹಿತಾಳ ಹೆಸರು, ವಿಳಾಸ ಟೈಪ್ ಮಾಡಿದಳು. ಒಂದು ದಿನ ಫೋನ್ ಬಂದರೆ, ಈ ಹುಡುಗಿ ನನಗೆ ಗೊತ್ತು ಎಂದು ಆ ಆಂಟಿ ಅಷ್ಟಾದರೂ ಹೇಳಲೇಬೇಕಾಗುತ್ತದೆ. ಸಂಬಂಧ ಎಂದು ಕೇಳಿದ ಕಡೆ ಟೀಚರ್ ಎಂದು ಬರೆದಳು.

ಎರಡನೆಯದಕ್ಕೆ ಬದರೀನಾಥನ ಹೆಸರು, ಮಾನ್ಮತ್ ಜಂಕ್ಷನ್ನಿನ ವಿಳಾಸ ಬರೆದಳು. ಸಂಬಂಧದ ಜಾಗದಲ್ಲಿ ಅವಳ ಕೈ ತಡೆಯಲಿಲ್ಲ. ಇಂಗ್ಲಿಷಿನಲ್ಲಿ ಮಾಲೀಕ ಎಂದು ಬರೆದಳು.

ಮಿಸ್ ಒರ್ಟಿಜ್ ಕನ್ನಡಕ ಸರಿಮಾಡಿಕೊಂಡು ಓದಿದಳು. "ಇವರು ನಿನ್ನ ತಂದೆಯಲ್ಲವೇ?"

"ಹಾಗೆಂದು ಹೇಳಿದ್ದು ನೀವು. ನಾನು ಅವರ ಮನೆಯಲ್ಲಿ ಕೆಲಸ ಮಾಡಿದೆ."

"ಸಂಬಳ ಎಷ್ಟಿತ್ತು?" ಎಂದು ಆ ಹೆಂಗಸು ಅಭ್ಯಾಸಬಲದಿಂದ ಕೇಳಿಬಿಟ್ಟಳು.

"ಇನ್ನೂ ಕೊಟ್ಟಿಲ್ಲ," ಎಂದು ಹೇಳಿ ಮಹಿಮಾ ಸಹಿ ಮಾಡಿದಳು.